ಫೈಕಸ್ ಎಲೆ ದೋಸೆ ತರ ಮಡಚಿಕೊಳ್ಳುತ್ತಿದೆ, ಏನು ಮಾಡಲಿ?

ಸಾಲಗಾಮೆ ರಸ್ತೆ ಮನೆಗಿಡ
ಎಲ್ಲರಿಗೂ ನಮಸ್ಕಾರ. ಹಾಸನದಲ್ಲಿ ಸಾಲಗಾಮೆ ರಸ್ತೆ ಕಡೆ ನಮ್ಮ ಮನೆ. ಗೇಟಿನ ಎರಡೂ ಬದಿಗೆ ಒಂದೊಂದು ಫೈಕಸ್ ಗಿಡ ಇದೆ. ಗಿಡ ಅಂದೆ, ಈಗ ಅವು ಮರವೇ, ನನಗಿಂತ ಎತ್ತರ. ಗೃಹಪ್ರವೇಶದ ವರ್ಷ ನರ್ಸರಿಯಿಂದ ತಂದು ನೆಟ್ಟಿದ್ದು, ಆರು ವರ್ಷ ಆಯಿತು. ತಿಂಗಳಿಗೊಮ್ಮೆ ಮಾಲಿ ಬಂದು ಲಡ್ಡು ತರ ಗುಂಡಗೆ ಕತ್ತರಿಸಿ ಹೋಗುತ್ತಾರೆ.

ಯುಗಾದಿ ಕಳೆದ ಮೇಲೆ ಬಲಗಡೆ ಮರದ ಎಲೆ ಮಡಚಿಕೊಳ್ಳಲು ಶುರುವಾಯಿತು. ಒಣಗಿ ಸುರುಟಿದ ಹಾಗಲ್ಲ. ನಡುವಿನ ನರದ ಗುಂಟ ಸರಿಯಾಗಿ ದೋಸೆ ಮಡಚಿದ ಹಾಗೆ. ಮೇಲೆಲ್ಲ ಕೆಂಪು, ನೇರಳೆ ಚುಕ್ಕಿ. ಹಳೇ ಎಲೆ ಚೆನ್ನಾಗಿವೆ, ಚಿಗುರು ಮಾತ್ರ ಹೀಗೆ. ಗೊಬ್ಬರದ ಅಂಗಡಿಯಲ್ಲಿ ಕೇಳಿದೆ, ಒಂದು ಎಲೆ ಕೂಡ ನೋಡದೆ ಎರಡು ಬಾಟಲಿ ಕೊಟ್ಟರು, 700 ರೂಪಾಯಿ ಬಿಲ್. ಮೂರು ಸಲ ಹೊಡೆದೆ, ಏನೂ ಪ್ರಯೋಜನ ಆಗಲಿಲ್ಲ. ಈಗ ಎಡಗಡೆ ಮರಕ್ಕೂ ಬಂದಿದೆ. ಯಜಮಾನರು "ಕಡಿಸಿ ಹಾಕು, ಸಂಪಿಗೆ ನೆಡೋಣ" ಅಂತಿದ್ದಾರೆ. ನನಗೆ ಮನಸ್ಸು ಬರುತ್ತಿಲ್ಲ.

ಬಸವನಹಳ್ಳಿ ಹುಡುಗ
ನೀರು ಕಮ್ಮಿ ಆಗಿರಬೇಕು ಅಕ್ಕ, ಬಿಸಿಲು ಹಾಗಿದೆ. ಇಲ್ಲಾಂದ್ರೆ ಮೆಣಸಿನಕಾಯಿ ಗಿಡಕ್ಕೆ ಬರುತ್ತಲ್ಲ ಮುಟುರು ರೋಗ, ಅದೇ ಇರಬೇಕು. ಚಿಕ್ಕಮಗಳೂರಲ್ಲಿ ನಮ್ಮ ಹಿತ್ತಲಿಗೆ ಬಂದಾಗ ಗಿಡಗಳನ್ನೇ ಕಿತ್ತು ಸುಟ್ಟೆವು. ಬೇರೆ ದಾರಿ ಇರಲಿಲ್ಲ.

ಮೂಡಿಗೆರೆ ತೋಟದವನು
ತಮ್ಮಾ, ಆರು ವರ್ಷದ ಮರ ಕೀಳಿಸೋಕೆ ಇಷ್ಟು ಅವಸರಾನಾ! ನೀರು ಕಮ್ಮಿ ಆದರೆ ಎಲೆ ಜೋತು ಬೀಳುತ್ತದೆ, ಹಳದಿಯಾಗಿ ಉದುರುತ್ತದೆ, ಹಳೇ ಎಲೆಗೂ ಅದು ಗೊತ್ತಾಗುತ್ತದೆ. ಚಿಗುರು ಮಾತ್ರ ಇಷ್ಟು ನೀಟಾಗಿ ಮಡಚಲ್ಲ. ಮೆಣಸಿನ ಗಿಡದ ಮುಟುರು ರೋಗದ ವೈರಸ್ಸನ್ನು ಬಿಳಿ ನೊಣ ಹರಡುತ್ತದೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಅಕ್ಕಾ, ಒಂದು ಕೆಲಸ ಮಾಡಿ. ಮಡಚಿದ ಎಲೆ ಒಂದನ್ನು ಕಿತ್ತು ಬಿಳಿ ಹಾಳೆ ಮೇಲೆ ಇಟ್ಟು ನಿಧಾನಕ್ಕೆ ಬಿಡಿಸಿ. ಒಳಗೆ ಏನಿದೆ ಹೇಳಿ. ಎಲೆ ಮುಟ್ಟಿದರೆ ಅಂಟು ಅಂಟು ಇದೆಯಾ, ಇರುವೆ ಓಡಾಡುತ್ತಾ, ಅದನ್ನೂ ನೋಡಿ.

ಸಾಲಗಾಮೆ ರಸ್ತೆ ಮನೆಗಿಡ
ಅಯ್ಯೋ, ಈಗ ಬಿಡಿಸಿ ನೋಡಿದೆ, ಮೈ ಜುಂ ಅಂತು. ಕಪ್ಪಗೆ ಕಡ್ಡಿ ಚೂರಿನ ಹಾಗೆ ಹತ್ತು ಹನ್ನೆರಡು ಹುಳ, ಎಳ್ಳಿಗಿಂತ ಸಪೂರ. ಬಾಲ ಮೇಲೆತ್ತಿಕೊಂಡು ಓಡುತ್ತಿವೆ. ಜೊತೆಗೆ ತಿಳಿ ಹಳದಿ ಮರಿಗಳು, ಸಣ್ಣ ಸಣ್ಣ ಬಿಳಿ ಮೊಟ್ಟೆ. ಅಂಟಿಲ್ಲ, ಇರುವೆ ಇಲ್ಲ. ಒಂದು ನನ್ನ ಕೈಗೂ ಕಚ್ಚಿತು, ಈಗಲೂ ತುರಿಸ್ತಿದೆ.

ಮೂಡಿಗೆರೆ ತೋಟದವನು
ಹಾಗಾದ್ರೆ ಅನುಮಾನವೇ ಬೇಡ, ಇದು ಥ್ರಿಪ್ಸ್, ರಸ ಹೀರುವ ಸಣ್ಣ ಕೀಟ. ಫೈಕಸ್‌ಗೇ ಅಂತ ಒಂದು ಜಾತಿ ಇದೆ, ದೊಡ್ಡದು ಸುಮಾರು 3 ಮಿ.ಮೀ. ಆಗುತ್ತದೆ. ಸಸ್ಯಹೇನು ಆಗಿದ್ದರೆ ಅಂಟು, ಇರುವೆ ಎರಡೂ ಇರುತ್ತಿದ್ದವು.

ನಿಮ್ಮ ಔಷಧಿ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಹುಳ ಚಿಗುರಿನ ರಸ ಹೀರುವಾಗ ಎಲೆ ಮಡಚಿಕೊಳ್ಳುತ್ತೆ, ಆಮೇಲೆ ಅದು ಒಳಗೆ ಬಾಗಿಲು ಹಾಕಿಕೊಂಡು ಸಂಸಾರ ಮಾಡುತ್ತೆ, ನೀವು ಹೊರಗೆ ಎಷ್ಟೇ ಹೊಡೆದರೂ ಗೋಡೆಗೆ ನೀರು ಹೊಡೆದ ಹಾಗೆ. ಇನ್ನೊಂದು ವಿಷಯ. ಈ ಥ್ರಿಪ್ಸ್ ತಿನ್ನೋ ತಿಗಣೆ ಜಾತಿಯ ಪುಟ್ಟ ಹುಳ ಇದೆ. ಅದು ಎಲೆಯಿಂದ ಎಲೆಗೆ ಬೇಟೆಗೆ ಓಡಾಡುವಾಗ ಔಷಧಿಗೆ ಸಿಕ್ಕಿ ಸಾಯುತ್ತೆ. ಅಂದರೆ ನಿಮ್ಮ ಕಡೆಯವನೇ ಹೋದ.

ಮೊದಲು ಕತ್ತರಿ. ಮಡಚಿದ ಎಲೆ ಇರೋ ತುದಿಗಳನ್ನೆಲ್ಲ ಕತ್ತರಿಸಿ. ಆಲ, ಅರಳಿ ಜಾತಿಯೇ ಅಲ್ವಾ ಇದೂ, ಹಾಲು ಸುರಿಯುತ್ತೆ, ಕೈಗವಸು ಹಾಕಿಕೊಳ್ಳಿ. ಕತ್ತರಿಸಿದ್ದನ್ನು ತಿಪ್ಪೆಗೆ ಹಾಕಬೇಡಿ, ಬುಡದಲ್ಲೂ ಬಿಡಬೇಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ನಾಲ್ಕೈದು ದಿನ ಬಿಸಿಲಲ್ಲಿ ಇಡಿ. ಆಮೇಲೆ ಹೊಸ ಚಿಗುರು ಬರುತ್ತಲ್ಲ, ಅದು ಮಡಚುವ ಮುಂಚೆಯೇ ಬೇವಿನ ಎಣ್ಣೆ ಹೊಡೆಯಿರಿ. ಲೀಟರಿಗೆ 5 ಎಂ.ಎಲ್., ಸ್ವಲ್ಪ ಸೋಪಿನ ನೀರು ಸೇರಿಸಿ ಚೆನ್ನಾಗಿ ಕಲಕಿ, ಸಂಜೆ ಹೊತ್ತು, ವಾರಕ್ಕೊಮ್ಮೆ, ಮೂರು ನಾಲ್ಕು ಸಲ.

ಈಗ ಬೈಯೋ ವಿಷಯ. ತಿಂಗಳಿಗೊಮ್ಮೆ ಲಡ್ಡು ಕತ್ತರಿಸ್ತೀರಲ್ಲ, ಅದೇ ದೊಡ್ಡ ಎಡವಟ್ಟು. ಕತ್ತರಿಸಿದಷ್ಟೂ ಚಿಗುರು, ಈ ಹುಳಕ್ಕೆ ಬೇಕಾಗಿರೋದೂ ಅದೇ ಎಳೇ ಚಿಗುರು. ಬಲಿತ ಎಲೆ ತಂಟೆಗೆ ಅದು ಹೋಗಲ್ಲ, ನೀವೇ ನೋಡಿದ್ದೀರಿ. ವರ್ಷವಿಡೀ ಹುಳಕ್ಕೆ ಊಟ ಬಡಿಸ್ತಾ ಇದ್ದೀರಿ.

ಕಾರೇಕೆರೆ ಹಳೇ ವಿದ್ಯಾರ್ಥಿ
ಮೇಲಿನವರು ಹೇಳಿದ್ದು ಸರಿ. ಬೇವಿನೆಣ್ಣೆಗೆ ಬಗ್ಗದಿದ್ದರೆ ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಇದೆ, ಗಿಡದ ರಸದ ಜೊತೆ ಒಳಗೇ ಹೋಗುವಂಥದ್ದು. ಬಾಟಲಿ ಮೇಲೆ 17.8 ಎಸ್.ಎಲ್. (ಔಷಧಿ ಎಷ್ಟು ಗಟ್ಟಿ ಅನ್ನೋ ಅಳತೆ) ಅಂತಿದ್ದರೆ ಲೀಟರಿಗೆ ಅರ್ಧ ಎಂ.ಎಲ್. ಮೀರಬಾರದು. ಆದರೆ ಅದು ಜೇನಿಗೆ ವಿಷ. ಪಕ್ಕದಲ್ಲಿ ತುಳಸಿ, ದಾಸವಾಳ ಹೂ ಬಿಟ್ಟಿದ್ದರೆ ಬೇಡವೇ ಬೇಡ. ಗೇಟಿನ ಹತ್ತಿರ ಕರಿಬೇವು ಇದ್ದರಂತೂ ಆ ಬಾಟಲಿ ಮನೆಗೇ ತರಬೇಡಿ. ಅಡುಗೆಗೆ ಹೋಗೋ ಸೊಪ್ಪು ಅದು. ಇನ್ನೂ ಅನುಮಾನ ಇದ್ದರೆ ಎಲೆಗಳನ್ನು ಕವರಿನಲ್ಲಿ ಹಾಕಿಕೊಂಡು ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ತೋರಿಸಿ. ಅಂಗಡಿಯವರನ್ನು ಕೇಳಿದರೆ ಅವರು ಮಾರೋದನ್ನೇ ಹೇಳ್ತಾರೆ.

ಸಾಲಗಾಮೆ ರಸ್ತೆ ಮನೆಗಿಡ
ಮೂರು ವಾರ ಆಯಿತು, ಹೇಳೋಣ ಅಂತ ಬಂದೆ. ಕರಿಬೇವು ಇದೆ, ಹಾಗಾಗಿ ಬೇವಿನೆಣ್ಣೆ ಮಾತ್ರ. ಕತ್ತರಿಸಿದ ಎಲೆ ಎರಡು ಸಿಮೆಂಟ್ ಚೀಲ ತುಂಬಿತು! ಮರ ಬೋಳು ಬೋಳಾಗಿ ಯಜಮಾನರು ನಕ್ಕರು. ಈಗ ಹೊಸ ಚಿಗುರು ಅಗಲಕ್ಕೆ ಬಿಚ್ಚಿಕೊಂಡಿದೆ, ಹೊಳೆಯುತ್ತಿದೆ. ಎಡಗಡೆ ಮರದಲ್ಲಿ ಐದಾರು ಎಲೆ ಮಡಚಿದ್ದವು, ಕಂಡ ಕೂಡಲೇ ಚಿವುಟಿ ಹಾಕಿದೆ. ಮಾಲಿಗೆ ಬರಬೇಡಿ ಅಂದಿದ್ದೇನೆ. ಒಂದೇ ಪ್ರಶ್ನೆ. ಮುಂದಿನ ವಾರ ಮೊಮ್ಮಗನ ನಾಮಕರಣ, ನೆಂಟರೆಲ್ಲ ಬರುತ್ತಾರೆ, ಒಂದೇ ಒಂದು ಸಲ ಗುಂಡಗೆ ಮಾಡಿಸಲಾ?

ಮೂಡಿಗೆರೆ ತೋಟದವನು
ಬೇಡ ಅಕ್ಕ. ಸೀರಿಯಲ್ ಸೆಟ್ ಸುತ್ತಿಬಿಡಿ, ಕೆದರಿದ್ದು ಯಾರಿಗೂ ಕಾಣಲ್ಲ.