ಅಪ್‌ಡೇಟ್: ಕೆಲಸದ ಜೊತೆ ಕೆಎಎಸ್ ಓದು, ಈಗಿನ ಲೆಕ್ಕ

ಆಫೀಸು ಮುಗಿಸಿ ರಾತ್ರಿ 9ರಿಂದ 12ರವರೆಗೆ ಕೂತರೂ ತಲೆಗೆ ಹತ್ತುವುದಿಲ್ಲ, ಓದದ ದಿನ ಮನಸ್ಸು ಚುಚ್ಚುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದ್ದರಲ್ಲಿ ಗಟ್ಟಿಯಾಗಿ ನಿಂತದ್ದು ಇಷ್ಟು.

ಸಂವಿಧಾನ, ಅರ್ಥಶಾಸ್ತ್ರದಂಥ ಕಷ್ಟದ ವಿಷಯ ಬೆಳಿಗ್ಗೆ 5:30ರಿಂದ 7ರವರೆಗೆ. ಅದಕ್ಕೆ ರಾತ್ರಿ 10ಕ್ಕೇ ದೀಪ ಆರಬೇಕು. ಮಲಗುವ ಹೊತ್ತು ಹಾಗೇ ಬಿಟ್ಟು ಅಲಾರಾಂ ಮಾತ್ರ ಬೇಗ ಇಟ್ಟರೆ ನಾಲ್ಕೇ ದಿನಕ್ಕೆ ಎಲ್ಲ ಕುಸಿಯುತ್ತದೆ. ಕಾಫಿ ಕುಡಿದು ಐದಾರು ಗಂಟೆ ಕಳೆದರೂ ಅದರಲ್ಲಿನ ಕೆಫೀನಿನ (ನಿದ್ದೆ ಓಡಿಸುವ ಅಂಶ) ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಹಾಗಾಗಿ ಸಂಜೆ 6ರ ಸ್ಟ್ರಾಂಗ್ ಕಾಫಿ ಬಂದ್, ಕೊನೆಯ ಲೋಟ ಮಧ್ಯಾಹ್ನ 2ಕ್ಕೆ.

ರಾತ್ರಿ ಅರ್ಧ ಗಂಟೆ ಸಾಕು: ಹಳೆ ಪ್ರಶ್ನೆಪತ್ರಿಕೆಯ 20 ಪ್ರಶ್ನೆ, ತಪ್ಪಿದ್ದೆಲ್ಲ ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ. ಹೊಸ ಪಾಠ ಆ ಹೊತ್ತಿಗೆ ಬೇಡವೇ ಬೇಡ.

ಗುರಿ ವಾರಕ್ಕೆ ಏಳು ಬೆಳಗಲ್ಲ, ಐದು. ಒಂದು ತಪ್ಪಿದರೆ ಶನಿವಾರ ತುಂಬಿಸಬಹುದು. ಮರುದಿನವೇ ಡಬಲ್ ಓದಲು ಹೋಗಬಾರದು, ಬಾಕಿ ಬೆಳೆಯುವುದೇ ಅಲ್ಲಿಂದ. ಭಾನುವಾರ ಪುಸ್ತಕ ಮುಟ್ಟುವಂತಿಲ್ಲ. ಅದನ್ನೂ ವೇಳಾಪಟ್ಟಿಯಲ್ಲಿ ಪೆನ್ನಿನಲ್ಲೇ ಬರೆದಿಟ್ಟರೆ ಕದ್ದ ಸಮಯ ಅನ್ನಿಸುವುದಿಲ್ಲ. ಚುಚ್ಚುವಿಕೆ ಹೆಚ್ಚು ಇಳಿದದ್ದು ಇದರಿಂದಲೇ.

ತಿಂಗಳ ಕೊನೆಗೆ ಆಫೀಸಿನಲ್ಲಿ ಲೆಕ್ಕ ಮುಗಿಸುವ ಕ್ಲೋಸಿಂಗ್ ವಾರಕ್ಕೆ ಮೊದಲೇ ಮೂರು ಬೆಳಗು ಅಂತ ಇಳಿಸಿಟ್ಟಿದ್ದೇನೆ.