ನಾಲ್ಕು ಬಾಕ್ಸ್, ಎರಡು ಚಾನಲ್‌ನ ಪವರ್ ಆಂಪ್ಲಿಫೈಯರ್: ಬ್ರಿಡ್ಜ್ ಮಾಡಬಹುದೇ?

ಪ್ರಶ್ನೆ (ಶರಾವತಿ ತೀರ)

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ನಮ್ಮ ಊರಿನ ಯುವಕ ಸಂಘವು ಯಕ್ಷಗಾನ, ತಾಳಮದ್ದಳೆಗಳಿಗೆಂದು ಎರಡು ಚಾನಲ್‌ನ ಪವರ್ ಆಂಪ್ಲಿಫೈಯರ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದೆ. ಪ್ರತಿ ಚಾನಲ್‌ಗೆ 8 ಓಮ್‌ನಲ್ಲಿ 400 ವಾಟ್, 4 ಓಮ್‌ನಲ್ಲಿ 650 ವಾಟ್, ಬ್ರಿಡ್ಜ್ ಮಾಡಿದರೆ (ಎರಡೂ ಚಾನಲ್‌ಗಳನ್ನು ಒಂದಾಗಿ ದುಡಿಸಿದರೆ) 8 ಓಮ್‌ನಲ್ಲಿ 1300 ವಾಟ್ ಎಂದು ಅದರ ಹಿಂಬದಿಯಲ್ಲಿ ಮುದ್ರಿಸಿದ್ದಾರೆ. ನಮ್ಮಲ್ಲಿ 8 ಓಮ್‌ನ, 300 ವಾಟ್ ಆರ್‌ಎಂಎಸ್‌ನ (ಸತತವಾಗಿ ತಾಳಬಲ್ಲ ಪವರ್) ನಾಲ್ಕು ಬಾಕ್ಸ್‌ಗಳಿವೆ. ಹಳೆಯ ಆಂಪ್ಲಿಫೈಯರ್‌ನೊಂದಿಗೆ ಬಳಸುತ್ತಿದ್ದ ಎರಡು ಹಾರ್ನ್‌ಗಳೂ ಇವೆ. ಬ್ರಿಡ್ಜ್‌ಗೆ ಹಾಕಿ ನಾಲ್ಕೂ ಬಾಕ್ಸ್‌ಗಳನ್ನು ಒಟ್ಟಿಗೆ ಕೊಟ್ಟರೆ ಮೈದಾನ ತುಂಬುವಷ್ಟು ಧ್ವನಿ ಬರುತ್ತದೆ ಎಂದು ಮಾರಿದವರು ಹೇಳಿದ್ದಾರೆ. ಹಾಗೆ ಮಾಡಬಹುದೇ? ಆಂಪ್ಲಿಫೈಯರ್‌ನಿಂದ ಬಾಕ್ಸ್‌ಗಳಿಗೆ ಸುಮಾರು 25 ಮೀಟರ್ ದೂರವಿದ್ದು, ಮನೆ ವೈರಿಂಗ್‌ನಲ್ಲಿ ಉಳಿದ 1.5 ಸ್ಕ್ವೇರ್ ಎಂಎಂ ವೈರ್ ನಮ್ಮ ಬಳಿ ಇದೆ. ಅದು ಸಾಕೇ? ಹಾರ್ನ್‌ಗಳನ್ನೂ ಇದಕ್ಕೇ ಸೇರಿಸಬಹುದೇ?

ಉತ್ತರ 1 (ಮಂದ್ರ ಸ್ಥಾಯಿ)

ಮಾರಿದವರ ಮಾತನ್ನು ದಯವಿಟ್ಟು ಕೇಳಬೇಡಿ. 8 ಓಮ್‌ನ ಎರಡು ಬಾಕ್ಸ್‌ಗಳನ್ನು ಪ್ಯಾರಲಲ್ ಆಗಿ (ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್) ಜೋಡಿಸಿದರೆ 4 ಓಮ್ ಆಗುತ್ತದೆ, ನಾಲ್ಕನ್ನು ಜೋಡಿಸಿದರೆ 2 ಓಮ್ ಆಗುತ್ತದೆ. ಬ್ರಿಡ್ಜ್‌ನಲ್ಲಿ ಎರಡು ಚಾನಲ್‌ಗಳು ಒಂದೇ ಲೋಡನ್ನು ಎರಡು ತುದಿಗಳಿಂದ ವಿರುದ್ಧ ದಿಕ್ಕಿನಲ್ಲಿ ನಡೆಸುವುದರಿಂದ, ಪ್ರತಿ ಚಾನಲ್‌ಗೆ ಕಾಣುವುದು ಅದರ ಅರ್ಧ ಮಾತ್ರ. ಅಂದರೆ ನಿಮ್ಮ ನಾಲ್ಕು ಬಾಕ್ಸ್‌ಗಳು ಒಂದೊಂದು ಚಾನಲ್‌ಗೆ 1 ಓಮ್ ಆಗಿ ಕಾಣುತ್ತವೆ. ಚಾನಲ್‌ಗೆ 4 ಓಮ್‌ಗಿಂತ ಕೆಳಗಿನ ಅಂಕಿಯನ್ನೇ ಮುದ್ರಿಸದ ಆಂಪ್ಲಿಫೈಯರ್‌ನಲ್ಲಿ ಇದನ್ನು ಮಾಡಿದರೆ, ಪ್ರೊಟೆಕ್ಷನ್ ಸರ್ಕ್ಯೂಟ್ ಒಳ್ಳೆಯದಿದ್ದರೆ ಪ್ರಸಂಗದ ನಡುವೆ ಧ್ವನಿ ನಿಲ್ಲುತ್ತದೆ, ಇಲ್ಲದಿದ್ದರೆ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳೇ ಸುಡುತ್ತವೆ.

ನಿಮಗೆ ಬೇಕಾದದ್ದು ಸಾಮಾನ್ಯ ಸ್ಟೀರಿಯೊ ಜೋಡಣೆ: ಚಾನಲ್‌ಗೆ ಎರಡು ಬಾಕ್ಸ್, ಪ್ಯಾರಲಲ್‌ನಲ್ಲಿ, 4 ಓಮ್. ಆಗ 650 ವಾಟ್ ಎರಡು ಬಾಕ್ಸ್‌ಗಳಿಗೆ ಹಂಚಿಹೋಗುತ್ತದೆ. ತಲಾ 325 ವಾಟ್ ಎಂಬುದು ನಿಮ್ಮ ಬಾಕ್ಸ್‌ಗಳ ಅಳತೆಗೆ ಸರಿಹೊಂದುತ್ತದೆ. ಬ್ರಿಡ್ಜ್ ಮಾಡಿ ಗಳಿಸುವುದು ಏನೂ ಇಲ್ಲ. ಎರಡೂ ಚಾನಲ್‌ಗಳಿಗೆ ಒಂದೇ ಮಾನೋ ಸಿಗ್ನಲ್ ಕೊಡಿ, ಭಾಗವತರ ಪದ್ಯ ಎಡಕ್ಕೂ ಬಲಕ್ಕೂ ಸಮನಾಗಿ ಕೇಳಬೇಕಲ್ಲವೇ. ಎರಡು ಚಾನಲ್‌ಗಳ ಮೈನಸ್‌ಗಳನ್ನು ಮಾತ್ರ ಎಂದೂ ಒಂದಕ್ಕೊಂದು ಕೂಡಿಸಬೇಡಿ, ಏಕೆಂದರೆ ಕೆಲವು ಆಂಪ್ಲಿಫೈಯರ್‌ಗಳಲ್ಲಿ ಅವು ಗ್ರೌಂಡ್ ಆಗಿರುವುದಿಲ್ಲ.

ಹಾರ್ನ್‌ಗಳ ವಿಷಯ ಬೇರೆ. ಅವುಗಳ ಮೇಲೆ 100 ವೋಲ್ಟ್ ಎಂದೂ, ವಾಟ್‌ಗಳ ಟ್ಯಾಪ್‌ಗಳೂ (ಎಷ್ಟು ವಾಟ್ ಎಳೆಯಬೇಕೆಂದು ಆರಿಸುವ ಸಂಪರ್ಕಗಳು) ಬರೆದಿದ್ದರೆ ಒಳಗೆ ಲೈನ್ ಟ್ರಾನ್ಸ್‌ಫಾರ್ಮರ್ ಇದೆ ಎಂದರ್ಥ. 30 ವಾಟ್ ಟ್ಯಾಪ್‌ನಲ್ಲಿ ಅದು 333 ಓಮ್‌ನಷ್ಟಿರುತ್ತದೆ, ಆದ್ದರಿಂದ ಎಷ್ಟೋ ಹಾರ್ನ್‌ಗಳನ್ನು ಒಂದೇ ಲೈನ್‌ಗೆ ಹಾಕಬಹುದು. ಆದರೆ ಈ ಆಂಪ್ಲಿಫೈಯರ್ ಕಳಿಸುವ ಬಾಸ್ ಆ ಟ್ರಾನ್ಸ್‌ಫಾರ್ಮರ್‌ನ ಕೋರನ್ನು (ಕಬ್ಬಿಣದ ತಿರುಳನ್ನು) ಅದರ ಕಾಂತೀಯ ಮಿತಿಯವರೆಗೆ ತುಂಬಿಸಿಬಿಟ್ಟರೆ ಅದು ಶಾರ್ಟ್‌ನಂತೆ ವರ್ತಿಸಬಹುದು. ಹಾರ್ನ್‌ಗಳು ಹಳೆಯ ಆಂಪ್ಲಿಫೈಯರ್‌ನಲ್ಲೇ ಇರಲಿ. ಮಿಕ್ಸರ್‌ನ ಇನ್ನೊಂದು ಔಟ್‌ಪುಟ್‌ನಿಂದ ಅದರ ಆಕ್ಸ್ ಇನ್‌ಪುಟ್‌ಗೆ ಒಂದು ಲೈನ್ ಕೊಟ್ಟರೆ ಸಾಕು.

ಉತ್ತರ 2 (ತಂತಿ ಮತ್ತು ತಂತು)

ವೈರ್ ಬಗ್ಗೆ ನಾನು ಸೇರಿಸುತ್ತೇನೆ. 1.5 ಸ್ಕ್ವೇರ್ ಎಂಎಂ ತಾಮ್ರಕ್ಕೆ ಮೀಟರ್‌ಗೆ ಸುಮಾರು 0.0115 ಓಮ್ ರೆಸಿಸ್ಟೆನ್ಸ್ ಇರುತ್ತದೆ. 25 ಮೀಟರ್ ದೂರಕ್ಕೆ ಹೋಗಿ ಬರುವ ವೈರ್ 50 ಮೀಟರ್ ಆಗುವುದರಿಂದ ಒಟ್ಟು ಸುಮಾರು 0.57 ಓಮ್. 4 ಓಮ್‌ನ ಲೋಡ್‌ಗೆ ಇದು ತೀರಾ ಹೆಚ್ಚು, ಎಂಟರಲ್ಲಿ ಒಂದು ಪಾಲು ಪವರ್ ವೈರ್‌ನಲ್ಲೇ ಬಿಸಿಯಾಗಿ ಹೋಗುತ್ತದೆ. ಇರುವ ವೈರನ್ನೇ ಬಳಸಬೇಕೆಂದಿದ್ದರೆ, ಒಂದು ಬಾಕ್ಸ್‌ನಿಂದ ಇನ್ನೊಂದಕ್ಕೆ ಲೂಪ್ ಮಾಡುವ ಬದಲು ಪ್ರತಿ ಬಾಕ್ಸ್‌ಗೂ ಬೇರೆ ಬೇರೆ ಜೋಡಿ ಎಳೆಯಿರಿ, ನಷ್ಟ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹೊಸದನ್ನು ಕೊಳ್ಳುವುದಾದರೆ 2.5 ಅಥವಾ 4 ಸ್ಕ್ವೇರ್ ಎಂಎಂನ, ಎಳೆಗಳು ಹೆಚ್ಚಿರುವ ಫ್ಲೆಕ್ಸಿಬಲ್ ವೈರ್ ತನ್ನಿ. ಮೈಕ್ ಅಥವಾ ಗಿಟಾರ್‌ಗೆ ಬಳಸುವ ಶೀಲ್ಡ್ ಕೇಬಲ್ ಸ್ಪೀಕರ್‌ಗೆ ಸಲ್ಲದು. ಅದರ ಒಳಗಿನ ತಂತಿ ಕೂದಲೆಳೆಯಷ್ಟೇ ಇರುತ್ತದೆ.

ಆಂಪ್ಲಿಫೈಯರ್‌ನ ಹಿಂಬದಿಯಲ್ಲಿ ಸ್ಪೀಕಾನ್ (ಸ್ಪೀಕರ್ ಕೇಬಲ್‌ಗೆಂದೇ ಇರುವ ಕನೆಕ್ಟರ್) ಇದ್ದರೆ ಅದನ್ನೇ ಬಳಸಿ. ಕಾಲಿಂಚಿನ ಜ್ಯಾಕ್ ಅರ್ಧ ಹೊರಬಂದಾಗ ಅದರ ತುದಿಯೂ ಸ್ಲೀವ್ ಕೂಡ ಒಂದಕ್ಕೊಂದು ತಗಲಿ ಶಾರ್ಟ್ ಆಗಬಹುದು, ಸ್ಪೀಕಾನ್ ತಿರುಗಿಸಿದರೆ ಟಕ್ಕೆಂದು ಲಾಕ್ ಆಗುತ್ತದೆ. ನಾಲ್ಕು ಸಂಪರ್ಕಗಳ ಪ್ಲಗ್‌ನಲ್ಲಿ ಸಾಮಾನ್ಯ ಬಾಕ್ಸ್‌ಗೆ 1 ಪ್ಲಸ್ ಮತ್ತು 1 ಮೈನಸ್ ಸಾಕು. ಬ್ರಿಡ್ಜ್‌ಗೆ ಬೇರೆ ಸಂಪರ್ಕಗಳನ್ನು ಬಳಸುವುದರಿಂದ, ಹಿಂದಿನವರು ಕಟ್ಟಿಸಿದ ಕೇಬಲ್ ನಿಮ್ಮ ಕೈಗೆ ಬಂದಿದ್ದರೆ ಪ್ಲಗ್ ಬಿಚ್ಚಿ ನೋಡಿಕೊಳ್ಳಿ. ಬ್ರಿಡ್ಜ್‌ನಲ್ಲಿ 8 ಓಮ್‌ಗೆ 1300 ವಾಟ್ ಎಂದರೆ 102 ವೋಲ್ಟ್. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಿಂತವರಿಗೆ ಅದು ಮನೆಯ ಕರೆಂಟ್‌ನಂತೆಯೇ ಅಪಾಯಕಾರಿ, ಆದ್ದರಿಂದ ಬರೀ ತುದಿಗಳನ್ನು ಟೇಪ್ ಸುತ್ತಿ ಬಿಡುವ ಪದ್ಧತಿ ಬೇಡ.

ಪ್ರಶ್ನೆ (ಶರಾವತಿ ತೀರ)

ತುಂಬ ಉಪಕಾರವಾಯಿತು. ಬ್ರಿಡ್ಜ್ ವಿಚಾರವನ್ನು ಕೈಬಿಟ್ಟಿದ್ದೇವೆ. ಇನ್ನೊಂದು ಸಂಶಯವಿದೆ: ಮಿಕ್ಸರ್‌ಗೆ ಲ್ಯಾಪ್‌ಟಾಪ್ ಸೇರಿಸಿದೊಡನೆ ಗುಂಯ್ ಎಂಬ ಶಬ್ದ ಬರುತ್ತದೆ. ಪ್ಲಗ್‌ನ ಮೇಲಿನ ಪಿನ್ ತೆಗೆದರೆ ಸರಿಹೋಗುತ್ತದೆ ಎಂದು ಇಲ್ಲಿನ ಶಾಮಿಯಾನದವರು ಹೇಳುತ್ತಾರೆ. ಮೊದಲ ಬಾರಿ ಆನ್ ಮಾಡುವ ಮುನ್ನ ಏನನ್ನು ಪರೀಕ್ಷಿಸಬೇಕು?

ಉತ್ತರ 3 (ಮಂದ್ರ ಸ್ಥಾಯಿ)

ಆ ಪಿನ್ ಅರ್ಥಿಂಗ್‌ನದು. ಅದನ್ನು ತೆಗೆಯಬೇಡಿ. ಒಳಗೆ ಇನ್ಸುಲೇಶನ್ ಹೋದ ದಿನ ಆಂಪ್ಲಿಫೈಯರ್‌ನ ಲೋಹದ ಮೈಯಲ್ಲೂ, ಮೈಕ್ ಹಿಡಿದವರ ಕೈಯಲ್ಲೂ ಕರೆಂಟ್ ಇರುತ್ತದೆ. ಶಬ್ದ ಬರುತ್ತಿರುವುದು ಗ್ರೌಂಡ್ ಲೂಪ್‌ನಿಂದ, ಅಂದರೆ ಉಪಕರಣಗಳು ಎರಡು ದಾರಿಗಳಲ್ಲಿ ಅರ್ಥ್ ಆದಾಗ ಉಂಟಾಗುವ ಸುತ್ತಿನಿಂದ, ಇರಬಹುದು. ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ ನೋಡಿ. ಶಬ್ದ ನಿಂತರೆ ಲ್ಯಾಪ್‌ಟಾಪ್ ಮತ್ತು ಮಿಕ್ಸರ್ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ (ನೇರ ವಿದ್ಯುತ್ ಸಂಪರ್ಕವಿಲ್ಲದೆ ಸಿಗ್ನಲ್ ದಾಟಿಸುವ) ಡಿಐ ಬಾಕ್ಸ್ ಹಾಕಿ.

ಆಂಪ್ಲಿಫೈಯರ್‌ನಿಂದ ಕೇಬಲ್ ಬಿಚ್ಚಿಟ್ಟುಕೊಂಡು, ಆ ತುದಿಯಲ್ಲಿ ಮಲ್ಟಿಮೀಟರ್ ಹಿಡಿಯಿರಿ. 8 ಓಮ್‌ನ ಒಂದು ಬಾಕ್ಸ್‌ಗೆ ಸುಮಾರು 6, ಪ್ಯಾರಲಲ್‌ನಲ್ಲಿರುವ ಎರಡಕ್ಕೆ ಸುಮಾರು 3 ತೋರಿಸಬೇಕು. ಮೀಟರ್ ಅಳೆಯುವುದು ಡಿಸಿ ರೆಸಿಸ್ಟೆನ್ಸ್ ಆದ್ದರಿಂದ ಕಡಿಮೆ ಬರುವುದು ಸಹಜ, ವೈರ್‌ನ ಪಾಲು ಅದಕ್ಕೆ ಸ್ವಲ್ಪ ಸೇರಿರುತ್ತದೆ. ಸೊನ್ನೆಯ ಹತ್ತಿರ ತೋರಿಸಿದರೆ ಎಲ್ಲೋ ಶಾರ್ಟ್ ಇದೆ, ಏನೂ ತೋರಿಸದಿದ್ದರೆ ವೈರ್ ಕಡಿದಿದೆ. ಅನಂತರ ಒಂದೂವರೆ ವೋಲ್ಟ್‌ನ ಸೆಲ್ಲನ್ನು ಕ್ಷಣಮಾತ್ರ ಮುಟ್ಟಿಸಿ: ಪ್ಲಸ್‌ಗೆ ಪ್ಲಸ್ ತಗಲಿದಾಗ ವೂಫರ್‌ನ ಕೋನ್ ಹೊರಕ್ಕೆ ಚಿಮ್ಮಬೇಕು. ನಾಲ್ಕರಲ್ಲಿ ಒಂದು ಒಳಕ್ಕೆ ಎಳೆದುಕೊಂಡರೆ ಅದರ ವೈರ್ ಅದಲುಬದಲಾಗಿದೆ, ಮದ್ದಳೆಯ ಬಾಸ್ ಮಾಯವಾಗುವುದಕ್ಕೆ ಅದೊಂದೇ ಸಾಕು.

ಆನ್ ಮಾಡುವಾಗ ಮಿಕ್ಸರ್ ಮೊದಲು, ಆಂಪ್ಲಿಫೈಯರ್ ಕೊನೆಗೆ. ಆಫ್ ಮಾಡುವಾಗ ಆಂಪ್ಲಿಫೈಯರ್ ಮೊದಲು. ಆಂಪ್ಲಿಫೈಯರ್‌ನ ನಾಬ್‌ಗಳನ್ನು ಅರ್ಧಕ್ಕಿಟ್ಟರೆ ಪವರ್ ಅರ್ಧವಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಮಿಕ್ಸರ್‌ನಿಂದ ಸಿಗ್ನಲ್ ಜೋರಾಗಿ ಬಂದರೆ ಅಲ್ಲಿಯೂ ಪೂರ್ಣ ಪವರ್ ಹೊರಬರುತ್ತದೆ. ಚೆಂಡೆಯ ಪೆಟ್ಟಿಗೆ ಕ್ಲಿಪ್ ದೀಪ (ಆಂಪ್ಲಿಫೈಯರ್ ತನ್ನ ಮಿತಿ ಮುಟ್ಟಿದಾಗ ಹೊತ್ತುವುದು) ಆಗೊಮ್ಮೆ ಈಗೊಮ್ಮೆ ಮಿಣುಕಿದರೆ ಅಡ್ಡಿಯಿಲ್ಲ. ಅದು ಬಿಡದೆ ಉರಿಯುತ್ತಿದ್ದರೆ ಮೊದಲು ಹೋಗುವುದು ಟ್ವೀಟರ್, ಕೂಡಲೇ ಮಿಕ್ಸರ್‌ನ ಮಾಸ್ಟರ್ ಇಳಿಸಿ.