ಈಜು ಬಂದರೂ ಕಯಾಕ್‌ನಲ್ಲಿ ಲೈಫ್ ಜಾಕೆಟ್ ಹಾಕಲೇಬೇಕಾ?

ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರದವನು. ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ತಗೊಂಡೆ, ಮೇಲೆ ಕೂರುವ ತರಹದ್ದು. ಭಾನುವಾರ ಬೆಳಿಗ್ಗೆ ಪಂಚಗಂಗಾವಳಿಯಲ್ಲಿ ಗಾಳ ಹಾಕ್ತೇನೆ, ಕೆಂಬೇರಿ ಸಿಕ್ಕಿದರೆ ಆ ದಿನ ಹಬ್ಬ. ಕಯಾಕ್ ಜೊತೆ ಕಿತ್ತಳೆ ಬಣ್ಣದ ಜಾಕೆಟ್ ಬಂತು, ಪ್ರವಾಸಿ ಬೋಟಿನಲ್ಲಿ ಕೊಡ್ತಾರಲ್ಲ, ಅಂಥದ್ದು. ಹಾಕಿಕೊಂಡರೆ ಬೆನ್ನಿನ ಫೋಮ್ ಸೀಟಿಗೆ ತಾಗಿ ಮುಂದಕ್ಕೆ ನೂಕುತ್ತದೆ, ಕೈ ಬೀಸೋಕೆ ಆಗಲ್ಲ, ಸೆಕೆ ಬೇರೆ. ಅದಕ್ಕೆ ಹಿಂದುಗಡೆ ರಬ್ಬರ್ ಹಗ್ಗದಡಿ ಸಿಕ್ಕಿಸಿಟ್ಟಿರ್ತೇನೆ. ಚಿಕ್ಕಂದಿನಿಂದ ಇದೇ ಹೊಳೆಯಲ್ಲಿ ಈಜಿದವನು. ಬೇಕಾದಾಗ ಹಾಕಿಕೊಂಡರೆ ಸಾಕಲ್ವಾ?

ಗಾಳದಹುಚ್ಚು:
ಸಾಕಾಗಲ್ಲ. ಎರಡು ವರ್ಷದ ಹಿಂದೆ ಹೊನ್ನಾವರದಲ್ಲಿ ನಾನೂ ಹಾಗೇ ಹಿಂದೆ ಸಿಕ್ಕಿಸಿಟ್ಟಿದ್ದೆ. ಮೀನು ಕಚ್ಚಿ ಕಯಾಕ್ ಅಡಿಗೆ ನುಗ್ಗಿತು, ರಾಡನ್ನು ಆ ಕಡೆ ದಾಟಿಸೋಣ ಅಂತ ಬಗ್ಗಿದೆ, ಅಷ್ಟೇ, ನೀರಲ್ಲಿದ್ದೆ. ತಲೆ ಎತ್ತಿ ನೋಡಿದರೆ ಕಯಾಕ್ ಬೋರಲು ಬಿದ್ದಿದೆ, ಜಾಕೆಟ್ ಅದರಡಿ ನೀರೊಳಗೆ, ಹುಟ್ಟು ಇನ್ನೊಂದು ಕಡೆ ತೇಲ್ತಾ ಇದೆ, ಗಾಳದ ದಾರ ಕಾಲಿಗೆ ಸುತ್ತಿಕೊಂಡಿದೆ. ಖಾಲಿ ಕಯಾಕನ್ನು ಗಾಳಿ ಎಷ್ಟು ಬೇಗ ಎಳ್ಕೊಂಡು ಹೋಗುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ನಾನೂ ಚೆನ್ನಾಗಿ ಈಜ್ತೇನೆ, ಆದರೂ ಹಿಡಿಯೋಕೆ ಆಗಲಿಲ್ಲ. ಚಿಪ್ಪು ತೆಗೆಯುವವರ ದೋಣಿ ಹತ್ತಿರದಲ್ಲಿ ಇದ್ದದ್ದಕ್ಕೆ ಬದುಕಿದೆ. ನೀರಿಗೆ ಬಿದ್ದ ಮೇಲೆ ಹಾಕಿಕೊಳ್ತೇನೆ ಅನ್ನೋದು ಆಗದ ಮಾತು ಅಣ್ಣ, ದಡದಲ್ಲೇ ಬಕಲ್ ಹಾಕಿ.

ಉಪ್ಪುನೀರು:
ನಿಮ್ಮ ತೊಂದರೆ ಜಾಕೆಟ್ಟಿನದ್ದಲ್ಲ, ಆ ನಮೂನೆಯದ್ದು. ಕಯಾಕ್ ಮೀನುಗಾರಿಕೆಗೆ ಅಂತಲೇ ಬೇರೆ ಜಾಕೆಟ್ ಬರುತ್ತದೆ. ಬೆನ್ನಿನ ಫೋಮ್ ಮೇಲ್ಗಡೆ ಮಾತ್ರ ಇರುತ್ತದೆ, ಕೆಳಗೆ ಬರೀ ಜಾಲರಿ, ಹಾಗಾಗಿ ಸೀಟಿಗೆ ತಾಗಲ್ಲ, ಗಾಳಿಯೂ ಆಡುತ್ತದೆ. ತೋಳಿನ ಜಾಗ ಅಗಲ, ಎದೆ ಮೇಲೆ ಇಕ್ಕಳ ಕತ್ತರಿ ಇಡೋಕೆ ಜೇಬು. ಅಳತೆ ತೂಕ ನೋಡಿ ಅಲ್ಲ, ಎದೆ ಸುತ್ತಳತೆ ನೋಡಿ ತಗೊಳ್ಳಿ. ಎಲ್ಲ ಪಟ್ಟಿ ಬಿಗಿದು, ಯಾರಿಗಾದರೂ ಹೇಳಿ ಭುಜ ಹಿಡಿದು ಮೇಲಕ್ಕೆ ಎಳೆಸಿ. ಜಾಕೆಟ್ ಗಲ್ಲ, ಕಿವಿವರೆಗೆ ಏರಿ ಬಂದರೆ ಅದು ನಿಮ್ಮ ಅಳತೆಯದ್ದಲ್ಲ. ಒಳಗಿನ ಚೀಟಿ ಓದಿ: 50 ನ್ಯೂಟನ್ (ತೇಲಿಸೋ ಶಕ್ತಿಯ ಅಳತೆ) ಅಂತಿದ್ದರೆ ಅದು ಈಜು ಬರುವವರು ದಡದ ಹತ್ತಿರ ಬಳಸುವಂಥದ್ದು, ಪ್ರಜ್ಞೆ ತಪ್ಪಿದವರ ಮುಖ ಅದು ಮೇಲಕ್ಕೆ ತಿರುಗಿಸಲ್ಲ. ಮತ್ತೆ, ದಯವಿಟ್ಟು ಜಾಕೆಟ್ ಮೇಲೆ ಕೂರಬೇಡಿ, ಫೋಮ್ ಚಪ್ಪಟೆಯಾದರೆ ತೇಲಿಸೋ ಶಕ್ತಿ ಹೋಯ್ತು. ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಹೊಳೆಬದಿ:
ಹಿಂದೆ ಸಿಕ್ಕಿಸಿಟ್ಟರೆ ಅದು ನೀರಡಿ ಹೋಗುತ್ತದೆ ಅಂತ ಯೋಚಿಸಿಯೇ ಇರಲಿಲ್ಲ. ಗ್ಯಾಸ್ ತುಂಬಿ ಉಬ್ಬುವ ಬೆಲ್ಟ್ ತರಹದ್ದು ಹೇಗೆ? ಸೆಕೆ ಆಗಲ್ಲ ಅಂತಾರೆ.

ಉಪ್ಪುನೀರು:
ಸೊಂಟದ್ದು ಉಬ್ಬಿದ ಮೇಲೆ ನೀವೇ ತಲೆಗೆ ಹಾಕಿಕೊಳ್ಳಬೇಕು, ದಾರ ಸುತ್ತಿಕೊಂಡಾಗ ಅದು ಕಷ್ಟ. ಸಿಲಿಂಡರ್ ಆಗಾಗ ನೋಡ್ತಾ ಇರಬೇಕು, ಗಾಳದ ಮುಳ್ಳು ಚುಚ್ಚಿದರೆ ತೂತು. ನಿಮಗೆ ಫೋಮಿನದ್ದೇ ಸರಿ.

ಗಾಳದಹುಚ್ಚು:
ಇನ್ನೊಂದು ಮಾತು, ಗಂಗೊಳ್ಳಿ ಅಳಿವೆ ಕಡೆ ಇಳಿತದ ಹೊತ್ತಲ್ಲಿ ಹೋಗಬೇಡಿ. ಐದು ನದಿಯ ನೀರು ಒಂದೇ ಬಾಯಲ್ಲಿ ಸಮುದ್ರಕ್ಕೆ ಓಡ್ತಿರುತ್ತದೆ, ಅಮಾವಾಸ್ಯೆ ಹುಣ್ಣಿಮೆಗೆ ಇನ್ನೂ ಜಾಸ್ತಿ. ಮಧ್ಯಾಹ್ನದ ಪಡುಗಾಳಿ ಎದುರಾದರೆ ಅಲ್ಲಿ ತೆರೆ ಕಡಿದಾಗಿ ಏಳುತ್ತದೆ. ಲಂಗರಿನ ಹಗ್ಗ ಕಯಾಕಿನ ಪಕ್ಕಕ್ಕೆ ಕಟ್ಟಬೇಡಿ, ಸೆಳವಿಗೆ ಮಗುಚುತ್ತದೆ, ಮುಂದೆ ಅಥವಾ ಹಿಂದಿನ ತುದಿಗೆ ಕಟ್ಟಿ. ಊದುವ ಸೀಟಿ ಜಾಕೆಟ್ಟಿಗೇ ಕಟ್ಟಿರಲಿ, ಫೋನ್ ನೀರು ಹೋಗದ ಚೀಲದಲ್ಲಿ ಮೈಮೇಲೇ ಇರಲಿ. ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093.

ಹೊಳೆಬದಿ:
ನಂಬರ್ ಎರಡೂ ಸೇವ್ ಮಾಡಿದೆ. ಈ ಭಾನುವಾರ ಗಾಳ ಇಲ್ಲ. ತಮ್ಮನನ್ನು ದಡದಲ್ಲಿ ನಿಲ್ಲಿಸಿ, ಎದೆಮಟ್ಟ ನೀರಲ್ಲಿ ಬೇಕಂತಲೇ ಮಗುಚಿ, ಮತ್ತೆ ಹತ್ತೋಕೆ ಆಗುತ್ತಾ ನೋಡ್ತೇನೆ.

ಗಾಳದಹುಚ್ಚು:
ಹೊಟ್ಟೆ ಮೇಲೆ ಅಡ್ಡ ಬಿದ್ದು ಹತ್ತಿ, ಕಾಲು ಜೋರಾಗಿ ಬಡಿಯಿರಿ, ಆಮೇಲೆ ತಿರುಗಿ ಕೂತುಕೊಳ್ಳಿ. ಮೊದಲ ಎರಡು ಸಲ ಜಾರುತ್ತದೆ. ಜಾಕೆಟ್ ಹಾಕಿಕೊಂಡೇ ಮಾಡಿ.